ಅಪ್‌ಡೇಟ್: ಪಂಪ್‌ಸೆಟ್ ಮೋಟಾರಿಗೆ ಗುರುತು, ನಂಬರ್ ಪಂಚೇ ಸರಿ ಹೋತು

ಹತ್ತು ದಿನದ ಹಿಂದೆ ಕೇಳಿದ್ದೆ: ಮುಧೋಳದ ಕಡೆ ಹೊಲದಾಗಿನ 5 ಎಚ್‌ಪಿ ಮೋಟಾರು ಕಳುವಾಗಿ ಸಿಕ್ಕರ, ನಮ್ಮದೇ ಅಂತ ತೋರಿಸಾಕ ಗುರುತು ಹೆಂಗ ಹಾಕೋದು? ಉತ್ತರ ಕೊಟ್ಟ ಎಲ್ಲಾರಿಗೂ ಶರಣು.

ಪೇಂಟ್ ನಿಲ್ಲಲಿಲ್ಲ, ಥಿನ್ನರ್ ಅರಿವಿಯಿಂದ ತಿಕ್ಕಿದ್ರ ಹೋತು. ನೇಮ್‌ಪ್ಲೇಟ್ ಮ್ಯಾಲೆ ಕೊರದ್ರೂ ವ್ಯರ್ಥ, ರಿವೆಟ್ ಕಿತ್ತರ ಪ್ಲೇಟೇ ಹೋಗ್ತದ. ನಂಬರ್ ಪಂಚ್ (ಸುತ್ತಿಗೆಯಿಂದ ಹೊಡೆದು ಲೋಹದ ಮ್ಯಾಲೆ ಅಂಕಿ ಮೂಡಿಸೋ ಉಕ್ಕಿನ ಅಚ್ಚು) ಹೇಳಿದವರ ಮಾತು ಖರೇ ಆತು. 6 ಎಂಎಂ ಸೆಟ್ ಸಾಕು. ಮೊದಲು ಕಾನಸಿನಿಂದ ಪೇಂಟ್ ಕೆರೀರಿ. ಮೋಟಾರು ಬೆಡ್‌ಗೆ ಬೋಲ್ಟ್ ಆಗಿದ್ದಾಗಲೇ, ಪಾದದ ದಪ್ಪ ಭಾಗದ ಮ್ಯಾಲೆ ಅಂಕಿಗೊಂದು ಗಟ್ಟಿ ಏಟು. ಎರಡನೇ ಏಟು ಬಿದ್ದರ ಅಂಕಿ ಜೋಡಿ ಮೂಡ್ತದ. ಫಿನ್ (ಮೋಟಾರಿನ ಮೈಮ್ಯಾಲಿನ ತೆಳ್ಳನ ಪಟ್ಟಿ) ಮ್ಯಾಲೆ ಹೊಡೀಬ್ಯಾಡ್ರಿ, ಬೀಡು ಕಬ್ಬಿಣ ಮುರೀತದ; ಬೇರಿಂಗ್ ಹತ್ರನೂ ಬ್ಯಾಡ. ಆಮ್ಯಾಲೆ ತುಕ್ಕು ಹಿಡೀದಂಗ ತೆಳ್ಳಗ ರೆಡ್ ಆಕ್ಸೈಡ್ ಬಣ್ಣ. ಪಂಪಿನ ಕೇಸಿಂಗಿಗೂ ಅದೇ ನಂಬರು ಹಾಕ್ರಿ, ಬಿಚ್ಚಿ ಬ್ಯಾರೆ ಬ್ಯಾರೆ ಮಾರಿದ್ರ ಗೊತ್ತಾಗ್ತದ.

ಕೇಬಲ್‌ಗೆ ಗುರುತು ಉಪಯೋಗಿಲ್ಲ: ತಾಮ್ರದ ಆಸೆಗೆ ಹೊದಿಕೆ ಸುಟ್ಟುಬಿಡ್ತಾರ.

ಹೊಸದಾಗಿ ತಿಳಿದದ್ದು: ಪೊಲೀಸರು ಜಪ್ತಿ ಮಾಡಿದ ಮಾಲು ಬಿಡಿಸಿಕೊಳ್ಳಾಕ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಕಲಂ 503ರ ಅಡಿ ಕೋರ್ಟಿಗೆ ಅರ್ಜಿ ಹಾಕ್ತಾರ. ಅಲ್ಲಿ ಬಿಲ್ಲು ಮತ್ತು ಸೀರಿಯಲ್ ನಂಬರಿನ ಫೋಟೋ ಭಾಳ ಆಸರ. ಪ್ರಿಂಟ್ ತೆಗೆಸಿ ಮನ್ಯಾಗಿಡ್ರಿ. ಫೋನಿನಾಗ ಅಷ್ಟೇ ಇದ್ದರ ಫೋನ್ ಹೋದಾಗ ಅದೂ ಹೋಗ್ತದ.