ಪದಚರ್ಚೆ: ಮ್ಯಾಗ್ನೆಟೊಅಕೌಸ್ಟಿಕ್ ಇಮೇಜಿಂಗ್‌ಗೆ ‘ಕಾಂತಧ್ವನಿ ಚಿತ್ರಣ’ ಸರಿಯೇ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹತ್ತನೇ ತರಗತಿ ಮಕ್ಕಳ ಗೋಡೆಪತ್ರಿಕೆಗೆ ಈ ವಿಷಯ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ನಿಂತುಹೋಗಿದೆ.

ಹೃದಯದಲ್ಲಿ, ನರಗಳಲ್ಲಿ ಸಣ್ಣ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಬಲವಾದ ಕಾಂತಕ್ಷೇತ್ರದೊಳಗೆ ಇಟ್ಟರೆ, ಹರಿವು ಇರುವ ಅಂಗಾಂಶದ ಮೇಲೆ ಬಲ ಬೀಳುತ್ತದೆ. ಮಕ್ಕಳು ಓದುವ ಫ್ಲೆಮಿಂಗನ ಎಡಗೈ ನಿಯಮವೇ ಇದು. ಹೆಬ್ಬೆರಳು ತೋರಿಸಿದ ಕಡೆಗೆ ಅಂಗಾಂಶ ಚೂರೇ ಚೂರು ಅಲುಗುತ್ತದೆ. ಆ ಅಲುಗಾಟ ಧ್ವನಿಯ ಅಲೆಯಾಗಿ ಹೊರಬರುತ್ತದೆ. ಅದನ್ನು ಹಿಡಿದು, ಹರಿವು ಎಲ್ಲಿತ್ತು ಅಂತ ಲೆಕ್ಕ ಹಾಕಿ ಚಿತ್ರ ಮಾಡುತ್ತಾರೆ.

‘ಕಾಂತಧ್ವನಿ’ ಅಂದಾಗ ನಮ್ಮ ಶಾಲೆಯ ಮೇಡಂ ಒಬ್ಬರು, “ಎಂಆರ್‌ಐನಲ್ಲಿ ಢಬಢಬ ಅಂತದಲ್ಲ, ಅದಾ ಸರ್?” ಅಂದರು. ಆ ಸದ್ದು ಯಂತ್ರದ ಕಾಯಿಲ್‌ಗಳದ್ದು. ಇಲ್ಲಿ ಧ್ವನಿ ಹೊರಡುವುದು ಮೈಯಿಂದಲೇ. ಹೆಸರಿನಲ್ಲಿ ಇದು ಕಾಣಲೇಬೇಕು ಅನ್ನುವುದು ನನ್ನ ಆಸೆ. ‘ಸ್ಕ್ಯಾನಿಂಗ್’ ಕೂಡ ಹೊಂದುವುದಿಲ್ಲ. ನಮ್ಮ ಕಡೆ ಹಾಗಂದರೆ ಬಸುರಿಯರಿಗೆ ಮಾಡಿಸುವುದು. ಅಲ್ಲಿ ಧ್ವನಿಯನ್ನು ಹೊರಗಿನಿಂದ ಕಳಿಸಿ, ತಿರುಗಿ ಬಂದದ್ದನ್ನು ನೋಡುತ್ತಾರೆ. ‘ಕರೆಂಟ್’ ಅಂದರಂತೂ ಶಾಕ್ ಕೊಡುತ್ತಾರೇನೋ ಅಂತ ಜನ ಹೆದರುತ್ತಾರೆ. ಹಾಗಾಗಿ ‘ಹರಿವು’ ನನಗೆ ಇಷ್ಟ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 1994ರಲ್ಲಿ ರಾತ್, ಬ್ಯಾಸರ್, ವಿಕ್ಸ್ವೊ ಅನ್ನುವ ವಿಜ್ಞಾನಿಗಳು ಲೆಕ್ಕ ಹಾಕಿದ್ದು ಮೈಯ ಸ್ವಂತ ಹರಿವಿನ ಬಗ್ಗೆ. ಆದರೆ ಅದು ನಿಧಾನದ ಹರಿವು. ಸೆಕೆಂಡಿಗೆ 1000 ಕಂಪನ ಅಂತಿಟ್ಟುಕೊಂಡರೂ, ಮೈಯೊಳಗೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್ ಆದ್ದರಿಂದ, ಒಂದು ಅಲೆಯೇ ಒಂದೂವರೆ ಮೀಟರ್ ಉದ್ದ! ಎದೆಗಿಂತ ಅಲೆಯೇ ಜಾಸ್ತಿ ಉದ್ದ ಆಯಿತಲ್ವಾ? ಅದರಿಂದ ಸೂಕ್ಷ್ಮ ಚಿತ್ರ ತೆಗೆಯುವುದು ಬಲು ಕಷ್ಟ. 2005ರಲ್ಲಿ ಯುವಾನ್ ಶು ಮತ್ತು ಬಿನ್ ಹ ಬೇರೆ ದಾರಿ ಹಿಡಿದರು. ಜೊತೆಗೆ ಇನ್ನೊಂದು ಕಾಂತಕ್ಷೇತ್ರವನ್ನು ಮಿಡಿಸಿ, ಅಂಗಾಂಶದಲ್ಲಿ ಕ್ಷಣಮಾತ್ರದ ಹರಿವು ಹುಟ್ಟಿಸಿದರು. ಆಗ ಸಿಗುವುದು ಶ್ರವಣಾತೀತ ಧ್ವನಿ, ಅಂದರೆ ಕಿವಿಗೆ ಕೇಳಿಸದಷ್ಟು ವೇಗದ ಕಂಪನ. ಸೆಕೆಂಡಿಗೆ 10 ಲಕ್ಷ ಕಂಪನ ಅಂದರೆ ಅಲೆಯ ಉದ್ದ ಒಂದೂವರೆ ಮಿಲಿಮೀಟರ್ ಅಷ್ಟೇ. ಆದರೆ ಅದರಿಂದ ತಿಳಿಯುವುದು ಯಾವ ಭಾಗ ವಿದ್ಯುತ್ತನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವುದು. ಹೃದಯದ ಸ್ವಂತ ಹರಿವು ಅಲ್ಲ.

ಎರಡಕ್ಕೂ ಒಂದೇ ಹೆಸರು ಸಾಕೇ? ಮೊದಲನೆಯದಕ್ಕೆ ‘ಮೈಹರಿವಿನ ಧ್ವನಿಚಿತ್ರಣ’, ಎರಡನೆಯದಕ್ಕೆ ‘ಪ್ರೇರಿತ ಹರಿವಿನ ಧ್ವನಿಚಿತ್ರಣ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇವುಗಳಲ್ಲಿ ‘ಕಾಂತ’ ಬಿಟ್ಟುಹೋಗಿದೆ, ಅದು ಇರಲೇಬೇಕೇ? ಕೇಳಿಸದ ಅಲೆಗೆ ‘ಧ್ವನಿ’ ಅನ್ನಬಹುದೇ? ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು ಇಲ್ಲಿದ್ದರೆ, ನೀವು ಕನ್ನಡದಲ್ಲಿ ಹೇಗೆ ಹೇಳಿಕೊಡುತ್ತೀರಿ ಅಂತ ದಯವಿಟ್ಟು ತಿಳಿಸಿ.