304 ಸ್ಟೇನ್‌ಲೆಸ್‌ನಲ್ಲಿ ಎಂ6 ಟ್ಯಾಪ್ (6 ಮಿ.ಮೀ. ಥ್ರೆಡ್ ಕೊರೆಯೋ ಟೂಲ್) ಮುರೀತಿದೆ, ಡ್ರಿಲ್ ಬಿಟ್ ಕೂಡ ಬಾಳ್ತಿಲ್ಲ

ಪಿಲ್ಲರ್‌ಡ್ರಿಲ್: 304, 25 ಮಿ.ಮೀ. ಪ್ಲೇಟ್. 40 ಬ್ಲೈಂಡ್ ಹೋಲ್ (ಆಚೆ ತೂರದ ತೂತು), ಥ್ರೆಡ್ 12 ಮಿ.ಮೀ., ಡ್ರಿಲ್ ಆಳ 18. ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) 5 ಮಿ.ಮೀ. ಬಿಟ್, 1500 ಆರ್‌ಪಿಎಂ, ಕೈ ಫೀಡ್. ಐದಾರು ತೂತಿಗೇ ಬಿಟ್ ಕಿರುಚುತ್ತೆ, ಆಮೇಲೆ ಎಷ್ಟು ಒತ್ತಿದ್ರೂ ಇಳಿಯಲ್ಲ. ಹ್ಯಾಂಡ್ ಟ್ಯಾಪ್ ಎರಡು ಒಳಗೇ ಮುರಿದಿವೆ. ಮೈಲ್ಡ್ ಸ್ಟೀಲ್‌ಗೆ ಇದೇ ಸೆಟ್ಟಿಂಗ್ ಸಲೀಸು.

ಸಾಣೆಕಲ್ಲು: 1500ಕ್ಕೆ ಬಿಟ್ಟಿನ ಅಂಚಿನ ಸ್ಪೀಡ್ ನಿಮಿಷಕ್ಕೆ 23 ಮೀಟರ್ ದಾಟುತ್ತೆ. 304ಗೆ 12 ಸಾಕು, ಅಂದ್ರೆ 750 ಆರ್‌ಪಿಎಂ. 304 ಶಾಖವನ್ನ ಬೇಗ ಬಿಟ್ಟುಕೊಡಲ್ಲ, ಎಲ್ಲಾ ಬಿಟ್ಟಿನ ತುದಿಗೇ ಏರುತ್ತೆ. ಅದಕ್ಕಿಂತ ದೊಡ್ಡ ತಪ್ಪು ಹೆದರಿ ಹೆದರಿ ಒತ್ತೋದು. ಬಿಟ್ ಕತ್ತರಿಸದೆ ಉಜ್ಜಿದ್ರೆ ಆ ಜಾಗ ಅಲ್ಲೇ ಗಟ್ಟಿಯಾಗುತ್ತೆ. ಬಿಟ್ಟಿನ ಪ್ರತಿ ಸುತ್ತಿಗೂ 0.08 ಮಿ.ಮೀ. ಫೀಡ್ ಕೊಡಿ, 18 ಮಿ.ಮೀ. ಇಳಿಯೋಕೆ ಸುಮಾರು 18 ಸೆಕೆಂಡ್. 10 ಮಿ.ಮೀ. ಆದ್ಮೇಲೆ ಒಮ್ಮೆ ಎತ್ತಿ ಚಿಪ್ಸ್ (ಲೋಹದ ಚೂರು) ತೆಗೆದ್ರೆ ಸಾಕು. ಸೆಂಟರ್ ಪಂಚನ್ನೂ ಜೋರಾಗಿ ಹೊಡೀಬೇಡಿ, ಅದೂ ಗಟ್ಟಿ ಮಾಡುತ್ತೆ.

ಬಿಟ್ ಎಂ35 ಕೋಬಾಲ್ಟ್ (ಕೋಬಾಲ್ಟ್ ಬೆರೆಸಿದ ಎಚ್‌ಎಸ್‌ಎಸ್), 135 ಡಿಗ್ರಿ ಸ್ಪ್ಲಿಟ್ ಪಾಯಿಂಟ್ (ತುದಿ ಸೀಳಿ ಸಾಣೆ ಹಿಡಿದದ್ದು), ಆದಷ್ಟು ಗಿಡ್ಡದು ತಗೊಳ್ಳಿ. ಬಂಗಾರದ ಬಣ್ಣ ನೋಡಿ ಕೋಬಾಲ್ಟ್ ಅಂದ್ಕೋಬೇಡಿ, ಅದು ಬರೀ ಮೇಲಿನ ಲೇಪ.

ಆರ್‌ಹೆಚ್_ಥ್ರೆಡ್: ಟ್ಯಾಪ್‌ಗೆ ತೂತು 5.1 ಮಿ.ಮೀ. ಮಾಡಿ. 5.0ರಲ್ಲಿ ಥ್ರೆಡ್ ಎತ್ತರ ಪೂರ್ತಿಯ 77 ಶೇಕಡಾ, 5.1ರಲ್ಲಿ 69; ಬಲ ಸಾಲುತ್ತೆ, ಟಾರ್ಕ್ ಇಳಿಯುತ್ತೆ. 5.2 ಬೇಡ, 6ಎಚ್ (ಒಳ ಥ್ರೆಡ್ಡಿನ ಮಾಮೂಲಿ ಟಾಲರೆನ್ಸ್) ಮಿತಿ 5.153ಕ್ಕೇ ಮುಗಿಯುತ್ತೆ. ನೇರ ಫ್ಲೂಟಿನ (ಮೈಮೇಲಿನ ಕಾಲುವೆ ನೇರ ಇರೋ) ಹ್ಯಾಂಡ್ ಟ್ಯಾಪ್ ಚಿಪ್ಸನ್ನ ತಳದಲ್ಲೇ ತುರುಕುತ್ತೆ, ಮುರಿಯೋದು ಅಲ್ಲೇ. ಬ್ಲೈಂಡ್ ಹೋಲ್‌ಗೆ ಸ್ಪೈರಲ್ ಫ್ಲೂಟ್ ಟ್ಯಾಪ್. ಮಷಿನ್‌ನಲ್ಲಾದ್ರೆ 250 ಆರ್‌ಪಿಎಂ ಆಸುಪಾಸು. ನೀರು ಬೆರೆಸಿದ ಕೂಲೆಂಟ್‌ಗಿಂತ ಟ್ಯಾಪಿಂಗ್ ಆಯಿಲ್ ಮೇಲು.

ಪಿಲ್ಲರ್‌ಡ್ರಿಲ್: ಈಗಾಗಲೇ ಹೊಳಪಾಗಿ ನಿಂತಿರೋ ತೂತುಗಳಿಗೆ ಏನ್ ಮಾಡೋದು?

ಸಾಣೆಕಲ್ಲು: ಗಟ್ಟಿಯಾದ ಪದರ ತೆಳು. ಹೊಸ ಕೋಬಾಲ್ಟ್ ಬಿಟ್, 500 ಆರ್‌ಪಿಎಂ, ತೂತು ತುಂಬ ಆಯಿಲ್, ಮೊದಲ ಸುತ್ತಿನಿಂದಲೇ ಗಟ್ಟಿಯಾಗಿ ಒತ್ತಿ. ಪದರದ ಕೆಳಗೆ ಕಚ್ಚಿಕೊಂಡ್ರೆ ಚಿಪ್ ಉದ್ದ ಸುರುಳಿಯಾಗಿ ಬರುತ್ತೆ. ಪುಡಿಯಾಗಿ ಬಂದ್ರೆ ಇನ್ನೂ ಉಜ್ತಿದೆ ಅಂತ. ಕಾರ್ಬೈಡ್ ಬಿಟ್ ಈ ಮಷಿನ್‌ಗೆ ಬೇಡ, ಸ್ಪಿಂಡಲ್ ಅಲುಗಾಟಕ್ಕೇ ಸಿಡಿಯುತ್ತೆ. ಮುರಿದ ಟ್ಯಾಪ್ ಮೇಲೆ ಡ್ರಿಲ್ ಇಡಬೇಡಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸೋ ಸ್ಪಾರ್ಕ್ ಎರೋಷನ್‌ನವರಿಗೆ ಕೊಡಿ.