ಜಲಾಶಯದ ಚಾರ್ಟ್ ಎನ್‌ವಿಡಿಎಯಲ್ಲಿ ಬರೀ ‘ಗ್ರಾಫಿಕ್’ ಅನ್ನುತ್ತೆ, ಒಳಗಿನ ಕೋಷ್ಟಕ ಓದ್ತಿಲ್ಲ [ಪರಿಹಾರವಾಗಿದೆ]

ಹೊಳೆಸಾಲು:

ಎಲ್ಲರಿಗೂ ನಮಸ್ಕಾರ. ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ಈ ನಾಲ್ಕು ಜಲಾಶಯಗಳ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಹಾಕುವ ಸಣ್ಣ ವೆಬ್ ಪುಟವೊಂದನ್ನು ನಡೆಸ್ತಿದ್ದೇನೆ. ನೋಡುವವರು ಹೆಚ್ಚಾಗಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗಿನ ರೈತರು, ಅವರ ಮನೆಯವರು. ಜೂನ್‌ನಿಂದ ಈಚೆಗಿನ ಮಟ್ಟವೆಲ್ಲ ಒಂದು ಲೈನ್ ಚಾರ್ಟಿನಲ್ಲಿ ಬರುತ್ತೆ. ವೆಬ್ ಪುಟದಲ್ಲಿ ಚಾರ್ಟ್ ಬಿಡಿಸುವ ಚಾರ್ಟ್.ಜೆಎಸ್ ಲೈಬ್ರರಿ ಬಳಸಿದ್ದೇನೆ.

ಕಣ್ಣು ಕಾಣದ ಓದುಗರೊಬ್ಬರು ಮೇಲ್ ಮಾಡಿದ್ದಾರೆ. ಪುಟ ತೆರೆದರೆ ಎನ್‌ವಿಡಿಎ (ಪರದೆಯಲ್ಲಿರೋದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ) “ಗ್ರಾಫಿಕ್, ಜಲಾಶಯ ಮಟ್ಟದ ಗ್ರಾಫ್” ಅಂತ ಹೇಳಿ ಮುಂದಕ್ಕೆ ಹೋಗಿಬಿಡುತ್ತಂತೆ. ನೀರು ಎಷ್ಟಿದೆ ಅನ್ನೋದೇ ತಿಳಿಯಲ್ಲ ಅಂತ ಬರೆದಿದ್ದಾರೆ. ನಾಲೆಗೆ ನೀರು ಬಿಡ್ತಾರೋ ಇಲ್ಲವೋ ಅನ್ನೋದು ಎಲ್ಲರಿಗೂ ಬೇಕಾದ ವಿಷಯ, ಇದನ್ನು ಹೇಗಾದರೂ ಸರಿ ಮಾಡಲೇಬೇಕು.

ಈಗ ಇರೋದು ಹೀಗೆ: ಚಾರ್ಟ್ ಮೂಡುವ ಕ್ಯಾನ್ವಾಸ್ ಟ್ಯಾಗಿಗೆ ಚಿತ್ರ ಅನ್ನೋ ರೋಲ್ (ಇದು ಯಾವ ಬಗೆಯದು ಅಂತ ಸ್ಕ್ರೀನ್ ರೀಡರಿಗೆ ತಿಳಿಸುವ ಗುರುತು) ಕೊಟ್ಟು, ಅರಿಯಾ ಲೇಬಲ್ಲಿನಲ್ಲಿ (ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರು) “ಜಲಾಶಯ ಮಟ್ಟದ ಗ್ರಾಫ್” ಅಂತ ಹಾಕಿದ್ದೇನೆ. ಕ್ಯಾನ್ವಾಸ್ ಟ್ಯಾಗಿನ ಒಳಗೇ ಪೂರ್ತಿ ಅಂಕಿಗಳ ಕೋಷ್ಟಕ ಇಟ್ಟಿದ್ದೇನೆ. ಅದು ಸ್ಕ್ರೀನ್ ರೀಡರಿಗೆ ಸಿಗಬೇಕಲ್ವಾ? ಸಿಗ್ತಿಲ್ಲ. ಹೊರಗೆ ತಂದು ‘ಡಿಸ್‌ಪ್ಲೇ ನನ್’ ಅನ್ನೋ ಮರೆಮಾಡುವ ಆಜ್ಞೆ ಕೊಟ್ಟು ನೋಡಿದೆ, ಆಗಲೂ ಇಲ್ಲ.

ಇನ್ನೆರಡು ದೂರು ಇವೆ. ಗೆರೆಗಳು ಕೆಂಪು, ಹಸಿರು, ಕಿತ್ತಳೆ, ಹಳದಿ; ಯಾವುದು ಯಾವ ಜಲಾಶಯದ್ದು ಅಂತ ಬೇರೆ ಮಾಡೋಕೆ ಆಗಲ್ಲ ಅಂತ ಹಿರಿಯರೊಬ್ಬರು ಹೇಳಿದ್ದಾರೆ. ವಿಂಡೋಸ್‌ನಲ್ಲಿ ಕಪ್ಪು ಹಿನ್ನೆಲೆಯ ಕಾಂಟ್ರಾಸ್ಟ್ ಥೀಮ್ ಹಾಕಿಕೊಂಡಿರುವ ಇನ್ನೊಬ್ಬರಿಗೆ ಚಾರ್ಟಿನ ಅಂಕಿಗಳೇ ಮಾಯವಾಗುತ್ತವೆ.

ತಂತಿಬೇಲಿ:

ಮೊದಲು ಕೋಷ್ಟಕದ ವಿಷಯ. ಯಾವುದೇ ಟ್ಯಾಗಿಗೆ ಚಿತ್ರದ ರೋಲ್ ಕೊಟ್ಟ ಕೂಡಲೇ ಬ್ರೌಸರ್ ಅದರ ಒಳಗಿರುವುದೆಲ್ಲ ಬರೀ ಅಲಂಕಾರ ಅಂತ ಲೆಕ್ಕ ಹಾಕುತ್ತೆ. ಲೇಬಲ್ ಒಂದೇ ಹೊರಗೆ ಕೇಳಿಸುತ್ತೆ, ಒಳಗಿನ ಕೋಷ್ಟಕ ಸ್ಕ್ರೀನ್ ರೀಡರಿನ ಪಾಲಿಗೆ ಇಲ್ಲವೇ ಇಲ್ಲ. ಡಿಸ್‌ಪ್ಲೇ ನನ್ ಕೊಟ್ಟರೂ ಅಷ್ಟೇ, ಅದು ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. ನೀವು ಮಾಡಿದ ಎರಡೂ ಬಗೆಯಲ್ಲಿ ಕೋಷ್ಟಕ ಮುಚ್ಚಿಹೋಗುತ್ತೆ.

ಕೋಷ್ಟಕವನ್ನು ಕ್ಯಾನ್ವಾಸ್‌ನ ಕೆಳಗೆ, ಹೊರಗೆ ಇಡಿ. ಜಾಗ ಹೆಚ್ಚು ಹಿಡಿಯುತ್ತೆ ಅನ್ನಿಸಿದರೆ ಡೀಟೇಲ್ಸ್ ಟ್ಯಾಗಿನಲ್ಲಿ ಮಡಚಿಡಿ, ಮೇಲೆ “ದಿನವಾರು ಅಂಕಿಗಳು” ಅಂತ ತಲೆಬರಹ ಕೊಡಿ. ಒತ್ತಿದರೆ ತೆರೆದುಕೊಳ್ಳುತ್ತೆ, ಕೀಬೋರ್ಡಿನಿಂದಲೂ ತೆರೆಯಬಹುದು. ಕಣ್ಣು ಕಾಣುವವರಿಂದ ಬಚ್ಚಿಡುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ. ನಿಖರ ಅಂಕಿ ಬೇಕಾದ ಯಾರು ಬೇಕಾದರೂ ಅದನ್ನೇ ತೆರೆದು ನೋಡ್ತಾರೆ.

ಕಾರಣ ತಿಳಿದಿರಲಿ: ಕ್ಯಾನ್ವಾಸ್ ಅಂದರೆ ಬರೀ ಬಣ್ಣದ ಚುಕ್ಕೆಗಳು. ಅಲ್ಲಿ ಗೆರೆ ಇದೆ, ಅಕ್ಷದ ಮೇಲೆ ಅಂಕಿ ಇದೆ ಅಂತ ಬ್ರೌಸರಿಗೇ ಗೊತ್ತಿರಲ್ಲ. ಅದಕ್ಕೇ ಕಾಂಟ್ರಾಸ್ಟ್ ಥೀಮ್ ಕೂಡ ಅದನ್ನು ಮುಟ್ಟಲ್ಲ. ಬಣ್ಣದ ಬಗ್ಗೆ ಸಂಜೆ ಬರೀತೀನಿ.

ಕಿವಿಯೋದು:

ನಾನು ದಿನವಿಡೀ ಎನ್‌ವಿಡಿಎಯಲ್ಲೇ ಕೆಲಸ ಮಾಡುವವಳು, ನಮ್ಮಪ್ಪ ಮದ್ದೂರು ಕಡೆ ಭತ್ತ ಹಾಕ್ತಾರೆ. ಹಾಗಾಗಿ ನಿಮ್ಮ ಪುಟ ನನ್ನಂಥವರಿಗೇ ಮಾಡಿದ್ದು ಅಂದ್ಕೊಂಡು ಹೇಳ್ತೀನಿ.

ತಂತಿಬೇಲಿ ಅವರು ಹೇಳಿದ್ದು ಸರಿ, ಕೋಷ್ಟಕ ಹೊರಗೆ ಬರಬೇಕು. ಆದರೆ ಅದೊಂದೇ ಬಂದರೆ ಸಾಲದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂದರೆ 150ಕ್ಕೂ ಹೆಚ್ಚು ಸಾಲು, ನಾಲ್ಕು ಜಲಾಶಯಕ್ಕೆ 600 ಅಂಕಿ. ಇದನ್ನು ಒಂದೊಂದಾಗಿ ಕೇಳಿಕೊಂಡು ಹೋಗಿ, ಎಲ್ಲವನ್ನೂ ನೆನಪಿಟ್ಟು, ಏರಿತಾ ಇಳಿಯಿತಾ ಅಂತ ತಲೆಯಲ್ಲೇ ಗೆರೆ ಎಳೀಬೇಕು. ನೀವು ಒಂದು ಸಲ ಕಣ್ಣು ಹಾಯಿಸಿ ತಿಳಿದುಕೊಳ್ಳುವುದನ್ನು ನಾವು ಅರ್ಧ ಗಂಟೆ ಕೂತು ಲೆಕ್ಕ ಹಾಕಬೇಕೆ?

ನನಗೆ ಮೊದಲು ಬೇಕಾದ್ದು ಒಂದೆರಡು ವಾಕ್ಯ. “ಜಲಾಶಯ ಮಟ್ಟದ ಗ್ರಾಫ್” ಅನ್ನೋದು ಪಾತ್ರೆಯ ಹೆಸರಾಯಿತು, ಒಳಗೇನಿದೆ ಅಂತ ಹೇಳಲಿಲ್ಲ. ಹೀಗಿದ್ದರೆ ನೋಡಿ (ಅಂಕಿ ಮಾದರಿಗೆ ಮಾತ್ರ):

“ಕೆಆರ್‌ಎಸ್‌ನಲ್ಲಿ ಇಂದು ನೀರು 112.40 ಅಡಿ ಇದೆ, ಪೂರ್ಣ ಮಟ್ಟ 124.80 ಅಡಿ. ಒಂದು ವಾರದಲ್ಲಿ 3.20 ಅಡಿ ಏರಿದೆ. ಒಳಹರಿವು 14,000 ಕ್ಯೂಸೆಕ್, ಹೊರಹರಿವು 3,200 ಕ್ಯೂಸೆಕ್. ಜೂನ್ ಪೂರ್ತಿ ಇಳಿಯುತ್ತಿದ್ದ ಮಟ್ಟ ಜುಲೈ ಎರಡನೇ ವಾರದಿಂದ ಸತತ ಏರುತ್ತಿದೆ.”

ಇಷ್ಟು ಕೇಳಿದರೆ ಅಪ್ಪನಿಗೆ ಫೋನ್ ಮಾಡಿ ಹೇಳೋಕೆ ಸಾಕು. ಅನುಮಾನ ಬಂದರೆ ಆಮೇಲೆ ಕೋಷ್ಟಕಕ್ಕೆ ಹೋಗ್ತೀನಿ.

ಇದನ್ನು ಕ್ಯಾನ್ವಾಸ್‌ನ ಲೇಬಲ್ಲಿನಲ್ಲಿ ತುರುಕಬೇಡಿ. ಲೇಬಲ್ ಒಂದೇ ಉಸಿರಿನಲ್ಲಿ ಓದಿಬಿಡುತ್ತೆ, ನಡುವೆ ನಿಲ್ಲಿಸಿ ಒಂದು ಅಂಕಿಯನ್ನು ಮತ್ತೆ ಕೇಳೋದು ಕಷ್ಟ. ಚಾರ್ಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಮಾಮೂಲಿ ಪ್ಯಾರಾ ಮಾಡಿ. ಲೇಬಲ್ಲಿನಲ್ಲಿ “ನಾಲ್ಕು ಜಲಾಶಯಗಳ ಲೈನ್ ಚಾರ್ಟ್, ಅಂಕಿಗಳು ಕೆಳಗಿನ ಕೋಷ್ಟಕದಲ್ಲಿವೆ” ಅಂತಿದ್ದರೆ ಸಾಕು.

ಕೋಷ್ಟಕದಲ್ಲಿ ಇವತ್ತಿನ ದಿನ ಮೊದಲ ಸಾಲಿನಲ್ಲಿ ಬರಲಿ. ತಲೆಸಾಲು ನಿಜವಾದ ತಲೆಸಾಲಿನ ಟ್ಯಾಗಿನಲ್ಲೇ ಇರಲಿ, ಬರೀ ದಪ್ಪಕ್ಷರ ಆಗಬಾರದು. ನಾವು ‘ಟಿ’ ಕೀಲಿ ಒತ್ತಿ ಕೋಷ್ಟಕಕ್ಕೆ ಹಾರಿ, ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಕೀಲಿಗಳಲ್ಲಿ ಓಡಾಡ್ತೀವಿ. ಪಕ್ಕದ ಕಾಲಮ್ಮಿಗೆ ಹೋದಾಗ “ಕಬಿನಿ” ಅಂತ ಹೇಳಿ ಆಮೇಲೆ ಅಂಕಿ ಹೇಳುವುದು ಆ ಟ್ಯಾಗ್ ಇದ್ದರೇ.

ಹೊಳೆಸಾಲು:

ತುಂಬಾ ಉಪಕಾರವಾಯಿತು ಮೇಡಂ. ವಾಕ್ಯವನ್ನು ದಿನಾ ಕೈಯಲ್ಲಿ ಬರೆಯೋದು ಕಷ್ಟ, ಸ್ಕ್ರಿಪ್ಟಿನಿಂದಲೇ ಬರೋ ಹಾಗೆ ಮಾಡ್ಬೇಕು. ಹೆಸರಿನ ಜಾಗದಲ್ಲಿ ಹೆಸರು ತುಂಬಿಸಿದರೆ “ಕಬಿನಿನಲ್ಲಿ” ಅಂತ ಬರ್ತಿದೆ. ಇನ್ನೊಂದು, ನಾಲ್ಕಕ್ಕೂ ಅಡಿಯಲ್ಲೇ ಹೇಳಲಾ?

ತಂತಿಬೇಲಿ:

ಪ್ರತ್ಯಯ ಅಂಟಿಸೋ ಕೆಲಸ ಸ್ಕ್ರಿಪ್ಟಿಗೆ ಬಿಡಬೇಡಿ. ಇರೋದು ನಾಲ್ಕೇ ಹೆಸರು. ಡೇಟಾದಲ್ಲೇ “ಕೆಆರ್‌ಎಸ್‌ನಲ್ಲಿ”, “ಕಬಿನಿಯಲ್ಲಿ”, “ಹೇಮಾವತಿಯಲ್ಲಿ”, “ಹಾರಂಗಿಯಲ್ಲಿ” ಅಂತ ಪೂರ್ತಿ ರೂಪ ಬರೆದಿಟ್ಟುಬಿಡಿ. “ಏರಿದೆ”, “ಇಳಿದಿದೆ”, “ಹೆಚ್ಚು ಬದಲಾಗಿಲ್ಲ” ಈ ಮೂರಕ್ಕೆ ಷರತ್ತು ಹಾಕಿ. ಒಂದು ಇಂಚು ಹೆಚ್ಚುಕಡಿಮೆ ಆದದ್ದನ್ನೂ “ಏರಿದೆ” ಅಂತ ಸಾರಬೇಡಿ.

ಗಣಿತಮೇಷ್ಟ್ರು:

ಅಡಿಯ ಪ್ರಶ್ನೆ ಕೇಳಿದ್ದು ಒಳ್ಳೇದಾಯಿತು, ಈ ಚಾರ್ಟಿನ ನಿಜವಾದ ತೊಡಕು ಅಲ್ಲೇ ಇದೆ. ಕೆಆರ್‌ಎಸ್‌ನ 124.80 ಅಡಿಯನ್ನು ಅಣೆಕಟ್ಟೆಯ ತಳದಿಂದ ಅಳೆಯುತ್ತಾರೆ. ಕಬಿನಿಯ 2284, ಹಾರಂಗಿಯ 2859, ಹೇಮಾವತಿಯ 2922 ಅಡಿಗಳು ಸಮುದ್ರ ಮಟ್ಟದಿಂದ. ಇವನ್ನೆಲ್ಲ ಒಂದೇ ಅಕ್ಷಕ್ಕೆ ಹಾಕಿದರೆ ಕೆಆರ್‌ಎಸ್ ಗೆರೆ ತಳದಲ್ಲಿ ಮಲಗಿರುತ್ತೆ, ಉಳಿದ ಮೂರು ಮೇಲೆ ನೆಟ್ಟಗೆ ಅಡ್ಡ ಹೋಗಿರುತ್ತವೆ. ಹತ್ತು ಅಡಿ ಏರಿದ್ದು ಕಣ್ಣು ಚೆನ್ನಾಗಿರುವವರಿಗೂ ಕಾಣಲ್ಲ. ಇಂಥ ಚಾರ್ಟಿಗೆ ವಿವರಣೆ ಬರೆಯಲು ಕೂತರೆ ಹೇಳೋಕೆ ಏನೂ ಸಿಗಲ್ಲ, ಮೊದಲು ಚಾರ್ಟನ್ನೇ ತಿದ್ದಬೇಕು.

ಸಂಗ್ರಹದ ಶೇಕಡಾವಾರಿಗೆ ಬನ್ನಿ. ಪೂರ್ಣ ಸಂಗ್ರಹ ಕೆಆರ್‌ಎಸ್‌ಗೆ 49.45 ಟಿಎಂಸಿ, ಹೇಮಾವತಿಗೆ 37.10, ಕಬಿನಿಗೆ 19.52, ಹಾರಂಗಿಗೆ 8.50. ಇವತ್ತಿನ ಸಂಗ್ರಹವನ್ನು ಇದರಿಂದ ಭಾಗಿಸಿ. ಎತ್ತರದ ಶೇಕಡಾ ಮಾತ್ರ ಲೆಕ್ಕ ಹಾಕಬೇಡಿ. ಅಣೆಕಟ್ಟೆಯ ಹಿಂದಿನ ಕಣಿವೆ ಮೇಲೆ ಹೋದಂತೆ ಅಗಲವಾಗುತ್ತೆ, ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಒಂದು ಅಡಿಗಿಂತ ಎಷ್ಟೋ ಪಾಲು ಹೆಚ್ಚು. ಕೆಆರ್‌ಎಸ್ 100 ಅಡಿ ಇದ್ದಾಗ ಎತ್ತರದಲ್ಲಿ ಶೇ. 80 ಅನ್ನಿಸುತ್ತೆ, ನೀರು ಮಾತ್ರ ಅರ್ಧದಷ್ಟೂ ಇರೋದಿಲ್ಲ.

ಅಡಿಯನ್ನು ಪೂರ್ತಿ ಬಿಡಲೂಬೇಡಿ. ನಮ್ಮ ಕಡೆ ಜನ ಕೇಳೋದು “ಕಟ್ಟೆ ಎಷ್ಟಡಿ ಆಯ್ತು” ಅಂತಲೇ. ವಾಕ್ಯದಲ್ಲಿ ಅಡಿ, ಪೂರ್ಣ ಮಟ್ಟ, ಶೇಕಡಾ ಮೂರೂ ಇರಲಿ. ಚಾರ್ಟಿನಲ್ಲಿ ಶೇಕಡಾ ಒಂದೇ ಇರಲಿ.

ವಿವರಣೆ ಬರೆಯುವ ಬಗ್ಗೆ ಅಮೆರಿಕದ ಎಂಐಟಿಯ ಲುಂಡ್‌ಗಾರ್ಡ್ ಮತ್ತು ಸತ್ಯನಾರಾಯಣ್ 2021ರಲ್ಲಿ ನಾಲ್ಕು ಮೆಟ್ಟಿಲು ಗುರುತಿಸಿದ್ದಾರೆ. ಚಾರ್ಟ್ ಯಾವ ಬಗೆ, ಅಕ್ಷಗಳಲ್ಲಿ ಏನಿದೆ ಅನ್ನೋದು ಮೊದಲನೆಯದು. ಗರಿಷ್ಠ, ಕನಿಷ್ಠದಂಥ ಅಂಕಿಗಳು ಎರಡನೆಯದು. ಏರಿಳಿತದ ಒಟ್ಟು ಚಹರೆ ಮೂರನೆಯದು. ಯಾಕೆ ಹೀಗಾಯಿತು ಅನ್ನೋ ಹಿನ್ನೆಲೆ ನಾಲ್ಕನೆಯದು. ಕಣ್ಣು ಕಾಣುವ ಓದುಗರು ನಾಲ್ಕನೆಯದನ್ನು ಮೆಚ್ಚಿದರೆ, ಕಾಣದ ಓದುಗರಲ್ಲಿ ಹೆಚ್ಚಿನವರು ಎರಡು ಮತ್ತು ಮೂರೇ ಉಪಯುಕ್ತ ಅಂದರು. ಕಿವಿಯೋದು ಅವರು ಬರೆದ ಮಾದರಿ ನೋಡಿ, ಸರಿಯಾಗಿ ಆ ಎರಡೇ ಇವೆ.

ಕಿವಿಯೋದು:

ಹೌದು ಮೇಷ್ಟ್ರೇ. “ವರುಣನ ಕೃಪೆಯಿಂದ ರೈತರ ಮೊಗದಲ್ಲಿ ಮಂದಹಾಸ” ಅಂತ ಇನ್ನೊಬ್ಬರು ಅರ್ಥ ಮಾಡಿ ಕೊಡೋದು ನನಗೆ ಬೇಡ. ಅಂಕಿ ಕೊಡಿ, ಅರ್ಥ ನಾನೇ ಮಾಡ್ಕೊತೀನಿ.

ತಂತಿಬೇಲಿ:

ಈಗ ಬಣ್ಣ. ಕೆಂಪು-ಹಸಿರು ಬೇರೆ ಮಾಡಲಾಗದವರು ಗಂಡಸರಲ್ಲಿ ಸಾಕಷ್ಟು ಜನ ಇದ್ದಾರೆ, ಎಷ್ಟೋ ಮಂದಿಗೆ ತಮಗೆ ಹಾಗಿದೆ ಅಂತಲೂ ಗೊತ್ತಿರಲ್ಲ. ಇದಕ್ಕೆ ಒಕಾಬೆ ಮತ್ತು ಇಟೊ ಅನ್ನೋ ಜಪಾನಿನ ವಿಜ್ಞಾನಿಗಳು ಮಾಡಿಕೊಟ್ಟ ಎಂಟು ಬಣ್ಣದ ಪಟ್ಟಿ ಎಲ್ಲ ಕಡೆ ಬಳಕೆಯಲ್ಲಿದೆ. ಹಾಗಂತ ಕಣ್ಣು ಮುಚ್ಚಿ ಎತ್ತಿಕೊಳ್ಳಬೇಡಿ. ವೆಬ್ ಪುಟ ಎಲ್ಲರಿಗೂ ಎಟುಕುವ ಹಾಗಿರಲು ಮಾಡಿರುವ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಚಾರ್ಟಿನ ಗೆರೆಗೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಕನಿಷ್ಠ 3:1 ಇರಬೇಕು, ಸಣ್ಣ ಅಕ್ಷರಕ್ಕೆ 4.5:1. ಆ ಪಟ್ಟಿಯ ಹಳದಿ, ಕಿತ್ತಳೆ, ತಿಳಿನೀಲಿ ಮೂರೂ ಬಿಳಿಯ ಮೇಲೆ 3:1 ಮುಟ್ಟಲ್ಲ. ನಿಮಗೆ ಬೇಕಾಗಿರೋದು ನಾಲ್ಕು: ಕಪ್ಪು, ಕಡುನೀಲಿ, ಕೆಂಪುಕಿತ್ತಳೆ, ನೀಲಿಹಸಿರು. ನಾಲ್ಕೂ ಪಾಸಾಗುತ್ತವೆ.

ಬಣ್ಣವೊಂದನ್ನೇ ನಂಬಿಕೊಳ್ಳಬೇಡಿ. ಒಂದು ಗೆರೆ ಪೂರ್ತಿ, ಒಂದು ತುಂಡು ತುಂಡು, ಒಂದು ಚುಕ್ಕಿ, ಇನ್ನೊಂದು ಉದ್ದ-ಗಿಡ್ಡ. ಬಿಂದುಗಳಿಗೂ ವೃತ್ತ, ತ್ರಿಕೋನ, ಚೌಕ, ಅಡ್ಡಗುರುತು ಕೊಡಿ, ಚಾರ್ಟ್.ಜೆಎಸ್‌ನಲ್ಲಿ ಬಾರ್ಡರ್ ಡ್ಯಾಶ್ ಮತ್ತು ಪಾಯಿಂಟ್ ಸ್ಟೈಲ್ ಅಂತ ಸಿಗುತ್ತೆ. ಬಿಂದು ದಿನಕ್ಕೊಂದು ಬೇಡ, ವಾರಕ್ಕೊಂದು ಸಾಕು, ಇಲ್ಲದಿದ್ದರೆ ಗೆರೆಯೇ ಮುಚ್ಚಿಹೋಗುತ್ತೆ. ಬಣ್ಣಸೂಚಿಯನ್ನು ಮೇಲಿಡೋ ಬದಲು ಪ್ರತಿ ಗೆರೆಯ ಬಲತುದಿಯಲ್ಲೇ ಹೆಸರು ಬರೆಯಿರಿ. ಪರದೆಯನ್ನು ಐದಾರು ಪಟ್ಟು ಹಿಗ್ಗಿಸಿ ನೋಡುವವರಿಗೆ ಸೂಚಿ ಒಂದು ಕಡೆ, ಗೆರೆ ಇನ್ನೊಂದು ಕಡೆ. ನಡುವೆ ಓಡಾಡುವಷ್ಟರಲ್ಲಿ ಬಣ್ಣ ಮರೆತಿರುತ್ತೆ. ಅಕ್ಷರದ ಗಾತ್ರ ತಾನಾಗಿ 12 ಇರುತ್ತೆ, 16 ಮಾಡಿ.

ಕಪ್ಪು ಥೀಮಿನಲ್ಲಿ ಅಂಕಿ ಮಾಯವಾಗೋದು ಯಾಕಂದರೆ ಕ್ಯಾನ್ವಾಸ್‌ನ ಹಿನ್ನೆಲೆ ಪಾರದರ್ಶಕ. ಥೀಮ್ ಪುಟವನ್ನು ಕಪ್ಪು ಮಾಡುತ್ತೆ, ನಿಮ್ಮ ಕಡುಬೂದು ಅಂಕಿ ಹಾಗೇ ಉಳಿಯುತ್ತೆ. ಸಿಎಸ್ಎಸ್‌ನಲ್ಲಿ (ಪುಟದ ಅಂದದ ಕೋಡ್) ಬಿಳಿ ಹಿನ್ನೆಲೆ ಕೊಟ್ಟರೆ ಥೀಮ್ ಅದನ್ನೂ ಅಳಿಸುತ್ತೆ. ಕ್ಯಾನ್ವಾಸ್‌ನ ಒಳಗೇ ಮೊದಲು ಬಿಳಿ ಆಯತ ಬಿಡಿಸಿ ಆಮೇಲೆ ಚಾರ್ಟ್ ಬಿಡಿಸುವ ಪುಟ್ಟ ಪ್ಲಗಿನ್ ಚಾರ್ಟ್.ಜೆಎಸ್ ಕೈಪಿಡಿಯಲ್ಲೇ ಇದೆ, ಅದನ್ನು ಹಾಕಿ.

ಗಣಿತಮೇಷ್ಟ್ರು:

ಗೆರೆಯನ್ನು ಸ್ವರವಾಗಿ ಕೇಳಿಸುವ ಸೌಲಭ್ಯ ಹೈಚಾರ್ಟ್ಸ್ ಅನ್ನೋ ಇನ್ನೊಂದು ಚಾರ್ಟ್ ಲೈಬ್ರರಿಯಲ್ಲಿದೆ. ನೀರು ಏರಿದರೆ ಸ್ವರ ಏರುತ್ತೆ. ಇಲ್ಲಿಗೆ ಬೇಕಾಗುತ್ತಾ?

ಕಿವಿಯೋದು:

ಒಂದು ಗೆರೆಗೆ ಚೆನ್ನಾಗಿರುತ್ತೆ, ಏರಿಳಿತದ ಆಕಾರ ಥಟ್ಟನೆ ಸಿಗುತ್ತೆ. ನಾಲ್ಕು ಗೆರೆ ಒಟ್ಟಿಗೆ ಅಂದರೆ ಗೊಂದಲ. ಸ್ವರ ಕೇಳಿ 112 ಅಡಿಯೋ 114 ಅಡಿಯೋ ಹೇಳೋಕೂ ಆಗಲ್ಲ. ವಾಕ್ಯ, ಕೋಷ್ಟಕ ಮೊದಲು ಆಗಲಿ.

ಮೇಷ್ಟ್ರೇ, ನಿಮ್ಮ ತರಗತಿಗೆ ಬೇಕಿದ್ದರೆ ಮುಟ್ಟಿ ನೋಡುವ ಚಾರ್ಟ್ ಒಳ್ಳೇದು. ರಬ್ಬರ್ ಹಾಳೆಯ ಮೇಲೆ ದಪ್ಪ ಕಾಗದವಿಟ್ಟು ಹಲ್ಲುಚಕ್ರ ಉರುಳಿಸಿದರೆ ಹಿಂಬದಿಯಲ್ಲಿ ಗೆರೆ ಉಬ್ಬುತ್ತೆ. ಎಡಬಲ ತಿರುವಿ ಎಳೀಬೇಕು ಅನ್ನೋದು ನೆನಪಿರಲಿ. ಒಂದು ಹಾಳೆಗೆ ಎರಡು ಗೆರೆಗಿಂತ ಹೆಚ್ಚು ಹಾಕಿದರೆ ಬೆರಳಿಗೆ ಸಿಕ್ಕುಗಂಟಾಗುತ್ತೆ.

ಹೊಳೆಸಾಲು:

ಎಲ್ಲ ಹಾಕಿದ್ದೇನೆ. ಶೇಕಡಾ ಚಾರ್ಟ್ ಬಂದ ಮೇಲೆ ಹಳೇ ಓದುಗರೇ “ಈಗ ನೋಡೋಕಾಗುತ್ತೆ” ಅಂತಿದ್ದಾರೆ. ಕಪ್ಪು ಥೀಮಿನವರಿಗೂ ಸರಿಹೋಗಿದೆ. ಆದರೆ ಎನ್‌ವಿಡಿಎ ವಾಕ್ಯ ಓದುವಾಗ ಕನ್ನಡ ಕಲಸುಮೇಲೋಗರ ಆಗ್ತಿದೆ. ಕೋಷ್ಟಕದಲ್ಲಿ ಒಂದು ಕಾಲಮ್ಮಿನ ತಲೆಸಾಲು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕೇಳಿಸುತ್ತೆ, ಕಣ್ಣಿಗೆ ಮಾತ್ರ ಸರಿಯಾಗೇ ಕಾಣುತ್ತೆ.

ಕಿವಿಯೋದು:

ಎರಡೂ ನಮಗೆ ದಿನಾ ಎದುರಾಗುವಂಥವು. ಪುಟದ ಮೂಲ ನೋಡಿದೆ. ಮೇಲಿನ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಇಂಗ್ಲಿಷ್ ಅಂತಿದೆ, ಟೆಂಪ್ಲೇಟಿನಿಂದ ಬಂದಿರಬೇಕು. ಅದನ್ನು ನಂಬಿ ಇಂಗ್ಲಿಷ್ ದನಿಯೇ ಕನ್ನಡ ಓದಲು ಹೊರಡುತ್ತೆ. ಕನ್ನಡದ ಸಂಕೇತಕ್ಕೆ, ಅಂದರೆ ಕೆ ಎನ್ ಅಂತ ಬದಲಿಸಿ. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಅನ್ನೋ ದನಿ ತಂತ್ರಾಂಶಕ್ಕೆ ಕನ್ನಡ ಬರುತ್ತೆ, ತಾನೇ ದನಿ ಬದಲಿಸಿಕೊಳ್ಳುತ್ತೆ.

ಎರಡನೆಯದು, ಆ ತಲೆಸಾಲನ್ನು ‘ನುಡಿ’ ತಂತ್ರಾಂಶದ ಹಳೇ ಕಡತದಿಂದ ನಕಲು ಮಾಡಿರಬೇಕು. ಹಳೇ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸುತ್ತೆ ಅಷ್ಟೇ. ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ.

ದಿನಾಂಕವನ್ನು ಗೀಟು ಹಾಕಿ ಅಂಕಿಗಳಲ್ಲಿ ಕೊಟ್ಟಿದ್ದೀರಿ, ಅದು “ಹನ್ನೆರಡು ಸ್ಲ್ಯಾಷ್ ಎಂಟು” ಅಂತ ಕೇಳಿಸುತ್ತೆ. “ಆಗಸ್ಟ್ 12” ಅಂತ ಬರೆಯಿರಿ.

ಹೊಳೆಸಾಲು:

ಮೂರೂ ಸರಿಯಾಯಿತು. ಮೇಲ್ ಮಾಡಿದ್ದ ಓದುಗರು ಈಗ ಪುಟ ಪೂರ್ತಿ ಓದುತ್ತೆ ಅಂತ ತಿಳಿಸಿದ್ದಾರೆ. ಕೊನೆಯದೊಂದು ಕೇಳ್ತೀನಿ: ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಜನ ಚಾರ್ಟಿನ ಸ್ಕ್ರೀನ್‌ಶಾಟ್ ಕಳಿಸ್ತಾರೆ. ಅಲ್ಲಿ ವಾಕ್ಯವೂ ಇಲ್ಲ, ಕೋಷ್ಟಕವೂ ಇಲ್ಲ.

ತಂತಿಬೇಲಿ:

ಚಾರ್ಟಿನ ಕೆಳಗೆ “ಹಂಚಿಕೊಳ್ಳಿ” ಅಂತ ಬಟನ್ ಇಡಿ. ಒತ್ತಿದರೆ ಚಿತ್ರದ ಜೊತೆಗೆ ಆ ದಿನದ ವಾಕ್ಯವೂ ಪಠ್ಯವಾಗಿ ಹೋಗಲಿ, ಹಿಂದೆಯೇ ಪುಟದ ಕೊಂಡಿ. ವಾಕ್ಯ ಸ್ಕ್ರಿಪ್ಟಿನಲ್ಲಿ ಹೇಗೂ ತಯಾರಾಗುತ್ತೆ. ಕೆಲವು ಫೋನುಗಳಲ್ಲಿ ಚಿತ್ರ ಮತ್ತು ಪಠ್ಯ ಒಟ್ಟಿಗೆ ಹೋಗದಿದ್ದರೆ ವಾಕ್ಯವನ್ನೇ ಕಳಿಸಿ, ಚಿತ್ರ ಬಿಡಿ.